ಮೂರನೆಯ ಹಾಳೆ

ಮಂಗಳವಾರ, ಬೆಳಿಗ್ಗೆ

ನನ್ನ ಮೊಂಡು ಪುಟ್ಟಿ,

ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಎತ್ತದಿರುವುದೇ ಒಳ್ಳೆಯದಾಯಿತು. ಎತ್ತಿದ್ದರೆ ಊಟ ಆಯ್ತಾ, ನೆಗಡಿ ಹೋಯ್ತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ.

ನಿನ್ನೆ ಆಸ್ಪತ್ರೆಯ ಕಟ್ಟಡ ನೋಡಲು ಹೋಗಿದ್ದೆ. ಭೂಕಂಪವಾಗಿ ಹನ್ನೊಂದು ದಿನವಾದರೂ ರೋಗಿಗಳನ್ನು ಒಳಗೆ ಬಿಡುತ್ತಿಲ್ಲ. ಉದ್ದದ ಗೋಡೆಗಳಿಗೆ ಏನೂ ಆಗಿಲ್ಲ, ಅಡ್ಡ ಗೋಡೆಗಳೂ ನೆಟ್ಟಗಿವೆ. ಒಡೆದದ್ದು ಮೂಲೆಯ ಕಂಬವೊಂದೇ. ಕಾಂಕ್ರೀಟ್ ಉದುರಿ, ಒಳಗಿನ ಸರಳುಗಳು ಬಾಗಿ ಹೊರಗೆ ಬಂದಿವೆ. ಪಕ್ಕದಲ್ಲಿ ನಿಂತಿದ್ದ ನರ್ಸ್ ಒಬ್ಬರ ಕಾಲು ಮುರಿದಿದೆ.

ನಾಲ್ಕು ವರ್ಷದ ಹಿಂದೆ ನಾವು ಇದನ್ನು ಕಟ್ಟಿಸುವಾಗ ನೀನು ಹೇಳಿದ್ದೂ ಅದೇ ಕಂಬ. ನಮ್ಮ ಆಫೀಸಿನ ಪದ್ಧತಿ ನಿನಗೆ ಗೊತ್ತು. ನೆಲ ಕಟ್ಟಡದ ಉದ್ದಕ್ಕೆ ಅಲುಗಿದರೆ ಏನಾಗುತ್ತದೆ ಎಂಬ ಲೆಕ್ಕಕ್ಕೆ ಒಂದು ಹಾಳೆ, ಅಗಲಕ್ಕೆ ಅಲುಗಿದರೆ ಇನ್ನೊಂದು. ನೀನು ಮೂರನೆಯದೊಂದು ಹಿಡಿದು ಬಂದೆ. ನೆಲ ಓರೆಯಾಗಿ ಅಲುಗಿದರೆ ಮೂಲೆಯ ಕಂಬ ಎರಡೂ ಕಡೆಗೆ ಒಟ್ಟಿಗೇ ಬಾಗಬೇಕಾಗುತ್ತದೆ, ಅಷ್ಟು ತಾಕತ್ತು ಅದಕ್ಕಿಲ್ಲ ಎಂದೆ. ನಾನು ಎಲ್ಲರೆದುರು, "ಭೂಕಂಪ ಏನು ನಿನ್ನ ಕೇಳ್ಕೊಂಡು ಮೂಲೆಯಿಂದ ಬರುತ್ತಾ?" ಎಂದು ನಗಿಸಿದೆ. "ನಿನ್ನ ಕೇಳ್ಕೊಂಡು ನೆಟ್ಟಗೂ ಬರಲ್ಲಮ್ಮ" ಎಂದು ನೀನು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದೆ. ಸರಿಯಾಗೇ ಕೊಟ್ಟಳಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಗಿತ್ತು, ಬಾಯಿಬಿಟ್ಟು ಹೇಳಲಿಲ್ಲ.

ಕಳೆದ ವಾರ ತನಿಖೆಯವರು ಓರೆ ಲೆಕ್ಕ ಎಲ್ಲಿ ಎಂದು ಕೇಳಿದರು. ಫೈಲಿನಲ್ಲಿದ್ದದ್ದು ಎರಡೇ ಹಾಳೆ, ಎರಡರ ಕೆಳಗೂ ನಿನ್ನ ಸಹಿ. "ಅವಳು ಆಗ ಹೊಸಬಳು, ಗಮನಿಸಿರಲಿಕ್ಕಿಲ್ಲ" ಎಂದುಬಿಟ್ಟೆ. ಅಷ್ಟೇ ಸಾಕಾಯಿತು, ನಿನ್ನ ಲೈಸೆನ್ಸ್ ತಡೆಹಿಡಿದರು. ಶುಕ್ರವಾರ ಪೂರ್ತಿ ರದ್ದು ಮಾಡುತ್ತಾರಂತೆ. ಬಾಯಿತಪ್ಪಿ ಬಂದ ಮಾತಲ್ಲ ಅದು, ಯೋಚಿಸಿಯೇ ಆಡಿದ್ದು. ಹೆತ್ತವಳು ಮಗಳ ಬೆನ್ನ ಹಿಂದೆ ಅಡಗಿಕೊಂಡೆ. ಕನ್ನಡಿ ನೋಡಿಕೊಳ್ಳಲೂ ನಾಚಿಕೆಯಾಗುತ್ತದೆ.

ಓರೆ ಲೆಕ್ಕ ಮಾಡಿದ್ದೆ ಎಂದು ನೀನು ಹೇಳಿದೆಯಂತೆ, ತೋರಿಸು ಎಂದರಂತೆ. ಅಮ್ಮನ ಕೈಗೆ ಕೊಟ್ಟಿದ್ದೆ ಎಂದು ಮಾತ್ರ ನೀನು ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಪುಟ್ಟಿ. ಇದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಆ ಹಾಳೆ ಎಲ್ಲೋ ಕಳೆದುಹೋಗಿರಬೇಕು. ಆದರೂ ನೀನು ಕೊಟ್ಟದ್ದು ನಿಜ, ನಾನು ನಕ್ಕದ್ದು ನಿಜ ಎಂದು ಬರೆದುಕೊಡುತ್ತೇನೆ.

ಕ್ಷಮಿಸು ಎನ್ನಲೂ ಮುಖವಿಲ್ಲದ
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬೆಳಿಗ್ಗೆ ಬರೆಯಲಾರದೆ ಬಿಟ್ಟದ್ದು. ಹಾಳೆ ಕಳೆದಿರಲಿಲ್ಲ. ಅವತ್ತೇ ಮನೆಗೆ ಒಯ್ದು ಎರಡು ಸಲ ಲೆಕ್ಕ ಹಾಕಿ ನೋಡಿದ್ದೆ. ಆದರೆ ತಳಪಾಯಕ್ಕೆ ಆಗಲೇ ಕಾಂಕ್ರೀಟ್ ಹಾಕಿಸಿಯಾಗಿತ್ತು. ಕಂಬ ದಪ್ಪ ಮಾಡಲು ಅದನ್ನು ಒಡೆಸಬೇಕೆಂದರೆ ತಪ್ಪು ನನ್ನದೆಂದು ಒಪ್ಪಬೇಕಿತ್ತು. ನಾಲ್ಕು ವರ್ಷ ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟಿದ್ದೆ. ಈಗಷ್ಟೇ ಅದನ್ನು ತನಿಖೆಯವರ ಕೈಗೆ ಕೊಟ್ಟು, ನನ್ನ ಲೈಸೆನ್ಸನ್ನೂ ಒಪ್ಪಿಸಿ ಬಂದೆ. ಹಾಳೆಯ ಅಂಚಿನಲ್ಲಿ ನಾನು ಅವತ್ತು ಪೆನ್ಸಿಲಿನಲ್ಲಿ ಬರೆದದ್ದಿತ್ತು: "ಇವಳ ಲೆಕ್ಕ ಸರಿ." ಕೆಳಗೆ ತಾರೀಖೂ ಇತ್ತು. ಅಳಿಸಲಿಲ್ಲ.