ಹುಟ್ಟದ ಹನ್ನೆರಡು ನಾಯಿಗಳು

ಮಾರ್ಚ್ ೧೪, ಗುರುವಾರ

ಪ್ರಬಂಧದ ಲೇಖಕರ ಪಟ್ಟಿ ಇವತ್ತು ಬಂತು. ಬೀದಿನಾಯಿಗಳು ಮನುಷ್ಯ ಬೆರಳು ತೋರಿಸಿದ ಕಡೆ ನಂಬಿ ಹೋಗುತ್ತವೆಯೇ ಎಂದು ಇಪ್ಪತ್ತು ದೇಶಗಳವರು ಸೇರಿ ಮಾಡಿದ ಅಧ್ಯಯನ. ಪುಣೆಯಿಂದ ನಮ್ಮ ಪ್ರಯೋಗಾಲಯದ ಮುಖ್ಯಸ್ಥ ಮನೋಹರ ಸರ್ ಹೆಸರೊಂದೇ ಇದೆ. ಎರಡು ವರ್ಷ ಸದಾಶಿವ ಪೇಠದ ಓಣಿಗಳಲ್ಲಿ ಬಟ್ಟಲು ಇಟ್ಟುಕೊಂಡು ಕೂತು ನಲವತ್ತೆಂಟು ನಾಯಿಗಳನ್ನು ಪರೀಕ್ಷಿಸಿದವಳು ನಾನು.

ಮಧ್ಯಾಹ್ನ ಹೋಗಿ ಕೇಳಿದೆ.

"ನೀ ಬರೇ ನಾಯಿ ಕರಿಯಾಕಿ ಇದ್ದಿ, ಶಿವಕಾಂತಾ. ಅದಕ್ಕೆಲ್ಲಾ ಹೆಸರು ಹಾಕ್ತಾರೇನು?" ಅಂದರು.

"ಆತು ಬಿಡ್ರಿ ಸರ್," ಅಂದು ಎದ್ದು ಬಂದೆ.

ಪ್ರತಿ ಊರಿನಿಂದ ಅರವತ್ತು ನಾಯಿ ಬೇಕಿತ್ತು. ಕಡಿಮೆ ಬಿದ್ದ ಹನ್ನೆರಡನ್ನು ಸರ್ ಕುರ್ಚಿಯಲ್ಲಿ ಕೂತೇ ಕಾಗದದ ಮೇಲೆ ಹುಟ್ಟಿಸಿದ್ದರು. ಆಗ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಸಂಜೆ ಅಧ್ಯಯನದ ಸಂಯೋಜಕಿಗೆ ಎಲ್ಲವನ್ನೂ ಬರೆದೆ. ಪ್ರತಿ ಪರೀಕ್ಷೆಯ ವಿಡಿಯೊ ಇರಲೇಬೇಕಲ್ಲ, ಆ ಹನ್ನೆರಡರದ್ದನ್ನು ಕೇಳಿ ನೋಡಿ ಎಂದೆ.

ಈಗ ಉತ್ತರ ಬಂದಿದೆ. ನಾಳೆ ಬೆಳಿಗ್ಗೆ ಸರ್‌ಗೆ ನೋಟಿಸು ಹೋಗುತ್ತದಂತೆ. ಪುಣೆಯ ಮಾಹಿತಿಯನ್ನು ಪೂರ್ತಿ ಕೈಬಿಡುತ್ತಾರಂತೆ. ಪೂರ್ತಿ ಅಂದರೆ ನನ್ನ ನಲವತ್ತೆಂಟೂ ಹೋದವು.

ಅಳು ಬರುತ್ತದೆಂದು ಸ್ವಲ್ಪ ಹೊತ್ತು ಕಾದೆ, ಬರಲಿಲ್ಲ. ಎರಡು ವರ್ಷ ಹಾಳಾದರೆ ಆಗಲಿ. ಅವರು ನೋಟಿಸು ಓದುವಾಗ ನಾನು ಎದುರಿಗೇ ಇರಬೇಕು. ಬೇಗ ಹೋಗಿ, ಚಹಾ ನಾನೇ ತಂದಿಟ್ಟು, ಅಲ್ಲೇ ಎದುರಿನ ಕುರ್ಚಿಯಲ್ಲಿ ಕೂತಿರುತ್ತೇನೆ.