ಒಂದೇ ಬಿದಿರಿಗೆ ಎರಡು ಹೊರೆ

ಮುಕ್ಕಾಂ: ತೇರಗಾಂವದ ಆಚೆ, ಕಾಡಿನ ಗುಡಿಸಲು
ತಾ. ೧೧ ಜನವರಿ ೧೯೩೭

ಪ್ರೀತಿಯ ಅವ್ವಾ,

ಮೊದಲು ನನ್ನ ಅಕ್ಷರವನ್ನು ಮನ್ನಿಸಬೇಕು. ನಾಲ್ಕನೇ ಇಯತ್ತೆ ಬಿಟ್ಟ ಮೇಲೆ ಬರೆಯುವ ಕೆಲಸವೇ ಬಿದ್ದಿರಲಿಲ್ಲ, ಈಗ ನೋಡಿದರೆ ಒತ್ತು ದೀರ್ಘ ಎಲ್ಲ ಎಲ್ಲೆಲ್ಲೋ ಹೋಗಿ ಕೂತಿವೆ. ಡಾಕ್ಟರರ ಮನೆಯ ಅಮ್ಮನವರು ತಪ್ಪು ತಿದ್ದಿಕೊಂಡು ನಿನಗೆ ಓದಿ ಹೇಳಲಿ. ನಿನ್ನ ಮೈಯಲ್ಲಿ ಆರಾಮವೇ? ಧಾರವಾಡದ ಚಳಿಗೆ ಹಿಮ್ಮಡಿ ಒಡೆದಿವೆಯೇ? ಅಷ್ಟು ಜನರಿಗೆ ಅಡುಗೆ ಮಾಡಿ ಕೊನೆಗೆ ನೀನು ಬರಿ ನೀರು ಕುಡಿದು ಮಲಗುತ್ತೀ ಎಂದು ನನಗೆ ಗೊತ್ತು, ಹಾಗೆ ಮಾಡಬೇಡ. ನಾವು ಎಲ್ಲರೂ ಆರಾಮ ಇದ್ದೇವೆ. ಈ ಮಾತನ್ನು ಮೊದಲೇ ಬರೆಯುತ್ತೇನೆ, ಮುಂದಿನದನ್ನು ಕೇಳುವಾಗ ನೀನು ಹೆದರಬಾರದು.

ಅವ್ವಾ, ನಾವು ಊರು ಬಿಟ್ಟಿದ್ದೇವೆ. ಮೊದಲ ಇಲಿ ಪಕ್ಕದ ಮನೆಯ ಕಾಶೆವ್ವನ ಒಲೆಯ ಹತ್ತಿರ ಬಿತ್ತು. ಬೆಕ್ಕು ಕೊಂದಿರಬೇಕು ಎಂದು ಅವಳು ಬಾಲ ಹಿಡಿದು ಎಸೆದಳಂತೆ. ಮರುದಿನ ನಮ್ಮ ಮನೆಯಲ್ಲೇ, ಮುದುಕಿ ಆಯಿ ಮಲಗುವ ಮೂಲೆಯಲ್ಲಿ, ಮೇಲಿಂದ ಒಂದು ದೊಪ್ಪನೆ ಬಿತ್ತು. ಆಗ ಎಲ್ಲರಿಗೂ ತಿಳಿಯಿತು, ಇದು ಬೆಕ್ಕಿನ ಕೆಲಸವಲ್ಲ, ಪ್ಲೇಗು. ಊರ ಹಿರಿಯ ಕರಿಬಸಪ್ಪ ಮನೆಮನೆಗೆ ಬಂದು ಹೇಳಿದ. ಬಟ್ಟೆಬರೆ ಕುದಿಸಿ ಒಣಗಿಸಬೇಕು, ನಾಳೆ ಹೊತ್ತು ಏರುವ ಮೊದಲು ಹೊರಬೀಳಬೇಕು, ಬಾಗಿಲಿಗೆ ಮುಳ್ಳಿನ ಕೊಂಬೆ ಬಡಿದ ಮೇಲೆ ರೋಗ ಇಳಿಯುವತನಕ ಯಾರೂ ಒಳಗೆ ಕಾಲಿಡಬಾರದು. ಇದು ಊರಿನ ಹಳೆಯ ಕಟ್ಟಳೆ, ನಿನಗೆ ಗೊತ್ತಿದ್ದದ್ದೇ. ಒಂದೇ ಸಲ ಹೊತ್ತಷ್ಟು ನಮ್ಮದು, ಉಳಿದದ್ದು ಇಲಿಗಳದು.

ಹಾಗಾದರೆ ಏನು ಒಯ್ಯುವುದು? ಇಡೀ ದಿನ ಅಂಗಳದಲ್ಲಿ ಅದೇ ಮಾತು. ಉಪ್ಪು, ಕಡ್ಡಿಪೆಟ್ಟಿಗೆ, ಕೊಡಲಿ, ಕುಡಗೋಲು, ಎರಡು ಗಡಿಗೆ, ಕಂಬಳಿ, ಜ್ವರಕ್ಕೆ ಕುದಿಸುವ ಬೇರು, ಒಂದಷ್ಟು ಅಕ್ಕಿ. ನಾನು ಗೋಡೆಯ ಕನ್ನಡಿಯನ್ನು ಸುಮ್ಮನೆ ಸೀರೆಯಲ್ಲಿ ಸುತ್ತಿಟ್ಟಿದ್ದೆ. ಗಂಗೂ ಮಾಮಿ ಕಂಡುಹಿಡಿದು ಎಲ್ಲರೆದುರಿಗೆ ಎತ್ತಿ ತೋರಿಸಿ, “ಕಾಡಾಗ ಕರಡಿ ಮಕಾ ನೋಡ್ಕೊಳ್ಳಾಕ ಬೇಕಾಗೇತೇನ ಇದು?” ಎಂದು ನಗಿಸಿದಳು. ನನಗೆ ನಾಚಿಕೆಯಾಗಿ ತಿರುಗಿ ಮೊಳೆಗೆ ಹಾಕಿದೆ. ಅವಳು ಮಾತ್ರ ತನ್ನ ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿ ತಂದಿದ್ದಾಳೆ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಆ ದಿನ ನನಗೆ ಏನೇನೋ ಅನ್ನಿಸುತ್ತಿತ್ತು ಅವ್ವಾ. ಪೇರಲ ಗಿಡದ ನೆರಳನ್ನು ಮಡಚಿ ಗಂಟಿನಲ್ಲಿ ಇಡುವಂತಿದ್ದರೆ, ಬೆಳಿಗ್ಗೆ ಹಂಚಿನ ಸಂದಿಯಿಂದ ಬೀಳುವ ಬಿಸಿಲಿನ ಕೋಲನ್ನು ಕಟ್ಟಿಗೆಯ ಹೊರೆಯಲ್ಲಿ ಸೇರಿಸಿ ಹೊರುವಂತಿದ್ದರೆ ಎಂದು. ಇದನ್ನು ಯಾರಿಗೂ ಹೇಳಲಿಲ್ಲ, ನಿನಗೆ ಮಾತ್ರ.

ಕೊನೆಗೆ ಉಳಿದದ್ದು ದೊಡ್ಡ ಹೊರೆಯ ಮಾತು. ಬೀಜದ ಭತ್ತದ ಬುಟ್ಟಿಯನ್ನು ಬಿದಿರಿಗೆ ಕಟ್ಟಿ ರೊಜಾರಿಯೊ ಮಾಮಾ ಮತ್ತು ಕಾಶೆವ್ವನ ಮನೆಯ ಎದುರಿನ ಲಾರೆನ್ಸ್ ಇಬ್ಬರೂ ಹೊರುವುದು ಎಂದಾಗಿತ್ತು. ಬೀಜ ನಮ್ಮದಿದ್ದರೆ ಮಾತ್ರ ಚನಬಸಪ್ಪ ಗೌಡರು ಹೊಲ ಪಾಲಿಗೆ ಕೊಡುತ್ತಾರೆ, ಹೊಲ ಇದ್ದರೆ ಮಳೆಗೆ ಮೊದಲು ನೀನು ಅಡುಗೆ ಕೆಲಸ ಬಿಟ್ಟು ಮನೆಗೆ ಬರುತ್ತೀ. ಇದು ನಮಗೆಲ್ಲ ಗೊತ್ತು. ಆದರೆ ಆಯಿ ನಡೆಯುವಂತಿಲ್ಲ. ಹೋದ ಮಳೆಗಾಲ ಜಾರಿ ಬಿದ್ದ ಮೇಲೆ ಅವಳ ಸೊಂಟ ನೆಟ್ಟಗಾಗಲೇ ಇಲ್ಲ. ಆ ಕಾಲುದಾರಿಯಲ್ಲಿ ಚಕ್ಕಡಿ ಹೋಗುವುದಿಲ್ಲ. ಬೇರೆ ಮನೆಯ ಗಂಡಸರ ಹೆಗಲು ಅವರವರ ಹೊರೆಗೇ ಸಾಲದು. ಬಿದಿರು ಒಂದು, ಹೊರುವವರು ಇಬ್ಬರು.

ಆಯಿ ತಾನೇ ಹೇಳಿದಳು. “ನನ್ನ ಹೊರಬ್ಯಾಡ್ರೋ. ಬೇಕಾದರ ಬೀಸೂಕಲ್ಲ ಹೊರ್ರಿ. ಅದು ಉಣ್ಣೂದಿಲ್ಲ, ಮಾತಾಡೂದಿಲ್ಲ, ಮ್ಯಾಲ ಹಿಟ್ಟ ಕೊಡತೈತಿ.” ಒಂದು ಗಡಿಗೆ ನೀರು, ಒಂದಷ್ಟು ಅವಲಕ್ಕಿ ಇಟ್ಟು ಹೋಗಿ, ಆ ಇಲಿಗಳ ಕೂಡ ನಾನು ಮಾತಾಡಿಕೊಂಡಿರುತ್ತೇನೆ ಎಂದು ನಕ್ಕಳು. ನಗುವಾಗ ಕೈ ಕಂಬಳಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಮಾಮಾ ಬಹಳ ಹೊತ್ತು ಬಿದಿರಿನ ಮೇಲೆ ಕೂತಿದ್ದ. ಅವನು ಕೆಟ್ಟವನಲ್ಲ ಅವ್ವಾ, ನಿನ್ನ ತಮ್ಮ, ಪಾಲಿನ ಹೊಲದ ಲೆಕ್ಕ ಅವನ ತಲೆಯಲ್ಲಿ ಇರಲೇಬೇಕಲ್ಲ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮಪ್ಪ ತೀರ್ಕೊಂಡ, ನಿಮ್ಮವ್ವ ಇಲ್ಲಿಲ್ಲ. ಈಕಿ ನಿಮ್ಮಪ್ಪನ ತಾಯಿ. ಮನಿ ಮಾತ ಈಗ ನಿಂದ. ಬುಟ್ಟಿನೋ ಆಯಿನೋ, ನೀನ ಹೇಳು” ಎಂದ.

ನಾಲ್ಕು ಜನ ನಿಂತಲ್ಲಿ ನನಗೆ ಬಾಯಿ ಬರುವುದಿಲ್ಲ ಎಂದು ನೀನು ಬೈಯುತ್ತಿದ್ದೆಯಲ್ಲ. ನೆಲ ನೋಡಿಕೊಂಡು “ಆಯಿ” ಎಂದೆ. “ಏನಂದಿ? ಕೇಳ್ಸವಲ್ದು” ಎಂದಳು ಗಂಗೂ ಮಾಮಿ. ತಲೆ ಎತ್ತಿ ಮತ್ತೊಮ್ಮೆ ಹೇಳಬೇಕಾಯಿತು. ಆಯಿಯ ಹೊರತು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅವಳು ಗೋಡೆ ಕಡೆ ಮುಖ ತಿರುಗಿಸಿದ್ದಳು.

ಮಾಮಾ ಬುಟ್ಟಿಯ ಹಗ್ಗ ಬಿಚ್ಚಿ, ಆ ಹಗ್ಗದಿಂದಲೇ ಕೌದಿಯ ಎರಡೂ ತುದಿಗಳನ್ನು ಬಿದಿರಿಗೆ ಕಟ್ಟಿ ತೊಟ್ಟಿಲಿನಂತೆ ಮಾಡಿದ. ಅಷ್ಟು ಹೊತ್ತಿಗೆ ಆಯಿಗೆ ಜೋರು ಬಂದಿತ್ತು. “ನಾನೇನ ಬ್ಯಾಟಿ ಹಂದಿ ಏನೋ, ಬಿದಿರಿಗೆ ಕಟ್ಟಿ ಒಯ್ಯಾಕ?” ಎಂದಳು. ಲಾರೆನ್ಸ್, “ಹಂದಿ ಆದರ ಪಾಲ ಸಿಗತಿತ್ತ ಆಯಿ, ನೀ ಬರೇ ಎಲಬ” ಎಂದ. ದಾರಿಯುದ್ದಕ್ಕೂ ಅವಳು ಅವನಿಗೆ ಬೈದಳು, ಅವನು ನಗುತ್ತ ನಡೆದ.

ಆ ದಾರಿ ನನಗೆ ಕನಸಿನ ಹಾಗೆ ನೆನಪಿದೆ. ಮಂಜು ಇನ್ನೂ ಎದ್ದಿರಲಿಲ್ಲ. ಮುಂದೆ ಹೋದವರು ಸೊಂಟದತನಕ ಹಾಲಿನಲ್ಲಿ ನಡೆದಂತೆ ಕಾಣುತ್ತಿದ್ದರು, ತಲೆಯ ಮೇಲಿನ ಗಂಟುಗಳು ಮಾತ್ರ ತಾವೇ ತೇಲಿ ಹೋಗುತ್ತಿದ್ದವು. ಎಲ್ಲೋ ಮೇಲೆ ದೊಡ್ಡ ಹಕ್ಕಿಯೊಂದು ರೆಕ್ಕೆ ಬಡಿದರೆ ಯಾರೋ ಚಾಪೆ ಕೊಡವಿದ ಸಪ್ಪಳ. ಆಯಿ ಅಂಗಾತ ಮಲಗಿ ತೂಗುತ್ತ ಹೋಗುತ್ತಿದ್ದಳು. ಬೈಯುವುದನ್ನು ನಡುವೆಯೇ ನಿಲ್ಲಿಸಿ, “ಇಜಾ, ಮ್ಯಾಲ ನೋಡ. ಮರ ಎಲ್ಲಾ ನಮ್ಮ ಕೂಡ ಊರ ಬಿಟ್ಟ ಹೊಂಟಾವ” ಎಂದಳು. ನೋಡಿದೆ. ಹೌದು ಅವ್ವಾ, ಹಾಗೇ ಕಾಣುತ್ತಿತ್ತು.

ಈಗ ಹಳ್ಳದ ದಂಡೆಗೆ ಸಾಲಾಗಿ ಗುಡಿಸಲು ಹಾಕಿದ್ದೇವೆ. ಎಲೆಯ ಮಾಡಿನಿಂದ ಇಡೀ ದಿನ ಹಸಿ ವಾಸನೆ ಬರುತ್ತದೆ. ಕೆಂಜಳಿಲು ಬಂದು ನಮ್ಮನ್ನು ಎಣಿಸಿದಂತೆ ನೋಡಿ ಹೋಗುತ್ತದೆ. ಸೂಜಿ ಹಾಕುವವರು ಬಂದಿದ್ದರು, ತೋಳು ಊದಿ ಇಳಿಯಿತು. ಇಲ್ಲಿ ಯಾರಿಗೂ ಜ್ವರವಿಲ್ಲ. ಕಣ್ಣು ಮುಚ್ಚಿದರೆ ಬೀಗವಿಲ್ಲದ ನಮ್ಮ ಮನೆ, ಖಾಲಿ ಗೋಡೆಯನ್ನು ನೋಡುತ್ತ ಕೂತ ಕನ್ನಡಿ ಕಾಣುತ್ತದೆ.

ಮಾಮಾ, ಗಂಗೂ ಮಾಮಿ ನಿನ್ನನ್ನು ಕೇಳಿದ್ದಾರೆ. ಆಯಿ ಎರಡೂ ಕೈ ಎತ್ತಿ ನಿನ್ನನ್ನು ಹರಸಿದ್ದಾಳೆ, “ಸೊಸಿಗೆ ದೇವರ ನೆರಳ ಇರಲಿ ಅಂತ ಬರಿ” ಎಂದಳು, ಬರೆದಿದ್ದೇನೆ. ನನ್ನ ಮುತ್ತು ನಿನ್ನ ಎರಡೂ ಕೈಗಳಿಗೆ.

ನಿನ್ನ ಮಗಳು
ಇಜಾಬೆಲ್

ತಾ.ಕ.: ಅಂಚೆ ಒಯ್ಯುವವನು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಚನಬಸಪ್ಪ ಗೌಡರು ನಿನ್ನೆ ಹಳ್ಳದ ಆಚೆ ನಿಂತು ಮಾಮಾನನ್ನು ಕರೆದು ಹೇಳಿ ಹೋದರು. ಬೀಜ ಇಲ್ಲದ ಮೇಲೆ ಈ ಸಲ ಹೊಲ ಬೇರೆಯವರಿಗೆ. ಹಾಗಾಗಿ ನೀನು ಮಳೆಗೆ ಬರುವಂತಿಲ್ಲ, ಇನ್ನೊಂದು ವರ್ಷ ಅಲ್ಲೇ ಇರಬೇಕು. ಮಾಮಾನ ಮೇಲೆ ಸಿಟ್ಟು ಮಾಡಬೇಡ, ಮಾತು ನನ್ನದು. ನಿನ್ನನ್ನು ನೋಡುವ ಆಸೆ ನನಗೆ ಕಡಿಮೆ ಎಂದೂ ತಿಳಿಯಬೇಡ. ಆಯಿಗೆ ಇನ್ನೂ ಹೇಳಿಲ್ಲ, ನೀನೂ ಯಾರ ಕೈಯಲ್ಲೂ ಹೇಳಿ ಕಳಿಸಬೇಡ. ಇವತ್ತು ಬೆಳಿಗ್ಗೆ ಅವಳನ್ನು ಬಿಸಿಲಿಗೆ ಕೂರಿಸಿ, ಆ ಬಿಳಿ ಗುಂಗುರು ಕೂದಲಿಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಸಣ್ಣ ಸಣ್ಣ ಜಡೆ ಹಾಕಿದೆ.