ಹೋಲ್, ಆಲ್, ಕಂಪ್ಲೀಟ್

ಜೂನ್ 4, ಸಂಜೆ

ಬೆರಳಿಗೆಲ್ಲಾ ಗೋಂದು. ಲೈಬ್ರರಿಯವರ ಒಂಬತ್ತು ಪುಸ್ತಕ ಹೊಲಿದು ಮುಗಿಸಿದೆ, ಎಲ್ಲಾ ಫುಲ್ ಬೈಂಡಿಂಗ್. ಅಂಗಡಿ ಬೇಗ ಮುಚ್ಚಿ ಅಕ್ಕನ ಮನೆಗೆ. ಅವಳಿಗೆ ಸ್ಟ್ರೋಕ್ ಆಗಿ ಇವತ್ತಿಗೆ ಎರಡು ತಿಂಗಳು. ಬಲಗೈ ಇನ್ನೂ ಮಡಿಲಲ್ಲೇ. ಕನ್ನಡ ತುಂಡು ತುಂಡಾಗಿ ಬರ್ತಿದೆ. ಮೂವತ್ತೈದು ವರ್ಷ ಶಾಲೇಲಿ ಕಲಿಸಿದ ಇಂಗ್ಲಿಷ್ ಮಾತ್ರ... ಒಂದು ಪದವೂ ಇಲ್ಲ. ಕಂಪ್ಲೀಟ್ ರಿಕವರಿ ಅಂತ ಹೇಳಕ್ಕಾಗಲ್ಲ ಅಂದರಂತೆ ಡಾಕ್ಟರು. ಭಾವ ಆ ಕಂಪ್ಲೀಟನ್ನ ಎರಡೆರಡು ಸಲ ಹೇಳಿದರು. ನನಗೆ ಅರ್ಥವಾಗಲಿಲ್ಲ ಅಂದುಕೊಂಡರೋ ಏನೋ.

ಜೂನ್ 6

ಭಾವ ಒಂದು ಫೈಲ್ ಕೊಟ್ಟರು. ಅಕ್ಕ ಶಾಲೆ ಮಕ್ಕಳಿಗೆ ಅಂತ ಬರೀತಿದ್ದ ಇಂಗ್ಲಿಷ್ ಪುಸ್ತಕ. ಮುಗಿದ ಮೇಲೆ ಬೈಂಡ್ ಮಾಡೋಳು ನಾನು ಅಂತ ಎಷ್ಟೋ ವರ್ಷದ ಮಾತು. ಹನ್ನೊಂದು ಪಾಠ ಆಗಿದೆ. ಹನ್ನೆರಡನೆಯದಕ್ಕೆ ತಲೆಬರಹ ಅಷ್ಟೇ — ಆಲ್, ಹೋಲ್, ಎಂಟೈರ್, ಟೋಟಲ್, ಕಂಪ್ಲೀಟ್, ಫುಲ್. ಕೆಳಗೆ ಖಾಲಿ. ಅಕ್ಕ ಆ ಹಾಳೆ ಮೇಲೆ ಎಡಗೈ ಇಟ್ಟಳು. ಆಮೇಲೆ ನನ್ನ ಕಡೆ ತಳ್ಳಿದಳು.

"ನೀನು. ಬರಿ."

ನಕ್ಕುಬಿಟ್ಟೆ. ಒಂಬತ್ತನೇ ಕ್ಲಾಸಿನ ಇಂಗ್ಲಿಷಲ್ಲಿ ಡುಮ್ಕಿ ಹೊಡೆದು ಶಾಲೆ ಬಿಟ್ಟವಳು ನಾನು. ಅವಳು ನಗಲಿಲ್ಲ.

ಜೂನ್ 9

ದಿನವೆಲ್ಲಾ ಅದೇ ಗುಂಗು. ಹಳೇ ಮನೆ, ಅಡುಗೆಮನೆ ಕಿಟಕಿ ಕಟ್ಟೆ. ನನಗೆ ಹನ್ನೆರಡು, ಅವಳಿಗೆ ಹದಿನೇಳು. ಇಬ್ಬರಿಗೂ ಸೇರಿ ಒಂದು ಪೆನ್ಸಿಲ್. ಹೋಲ್ ಬರೆಯುವಾಗ ನಾನು ಡಬ್ಲ್ಯು ನುಂಗಿದ್ದೆ. "ಇಡೀ ಸೇಬು ತಿಂದೆ ಅಂತ ಬರಿ ಅಂದ್ರೆ ತೂತು ಸೇಬು ತಿಂದಿದೀಯಲ್ಲೇ" ಅಂತ ಹೊಟ್ಟೆ ಹಿಡಿದು ನಕ್ಕಿದ್ದಳು. ಒಳಗೆ ಕಾಯಿಲೆ ಮಲಗಿದ್ದ ಅಮ್ಮನೂ ನಕ್ಕಿದ್ದು ಕೇಳಿಸಿತ್ತು.

ಹೋಲ್ ಡೇ, ಇಡೀ ದಿನ. ಆಲ್ ಡೇ, ದಿನವೆಲ್ಲಾ. ಆಲ್ ಡೇಸ್ ಅಂದರೆ ಎಲ್ಲಾ ದಿನ. ನೋಡು, ನಮ್ಮಲ್ಲೂ 'ಎಲ್ಲಾ' ಹಿಂದೆ ಬಂದರೆ ಒಂದು ಅರ್ಥ, ಮುಂದೆ ಬಂದರೆ ಇನ್ನೊಂದು ಅಂತ ತೋರಿಸಿದ್ದಳು. ಇನ್ನೂ ನೆನಪಿದೆ. ಅಷ್ಟು ಸಮಾಧಾನವಾಗಿ ನನಗೆ ಬೇರೆ ಯಾರೂ ಏನೂ ಹೇಳಿಕೊಡಲಿಲ್ಲ.

ಜೂನ್ 13

ಬರೆದದ್ದು ಓದಿ ಹೇಳಿದೆ. ಒಂದು ಹಾಳೆಯೂ ತಪ್ಪದಿದ್ದರೆ ಪುಸ್ತಕ ಕಂಪ್ಲೀಟ್. ಕಪಾಟಲ್ಲಿ ಜಾಗ ಇಲ್ಲದಿದ್ದರೆ ಫುಲ್. ಎಣಿಸಿ ಕೂಡಿಸಿದ್ದು ಟೋಟಲ್. ತುಂಡಾಗದೆ ಉಳಿದದ್ದು ಹೋಲ್. ಅಕ್ಕ ತಲೆದೂಗಿದಳು. ಹಾಗಾದರೆ ಎಂಟೈರ್? ಅವಳು ಅಂಗೈಯಲ್ಲಿ ಏನೋ ತೂಗಿದ ಹಾಗೆ ಮಾಡಿ, "ಅದೇ. ಸ್ವಲ್ಪ... ಭಾರ" ಅಂದಳು.

ಖುಷಿಗೆ ನಾನೇ ಬಾಯಿ ಬಿಟ್ಟೆ. ಒಂಬತ್ತನೇ ಕ್ಲಾಸಲ್ಲಿ ನೀನು ಕಲಿಸೋದು ನಿಲ್ಲಿಸದಿದ್ದರೆ ನಾನೂ ಟೀಚರ್ ಆಗ್ತಿದ್ದೆ ಅಂದೆ, ತಮಾಷೆಗೆ. ಅವಳ ಮುಖ ಇಳಿದುಹೋಯ್ತು. ತುಂಬಾ ಹೊತ್ತು ಪದ ಹುಡುಕಿದಳು.

"ಅಪ್ಪ ಕೇಳಿದ್ರು... ಇವಳು ಓದ್ತಾಳಾ. ನಾನು... ಇಲ್ಲ ಅಂದೆ. ತಲೆಗೆ ಹತ್ತಲ್ಲ ಅಂದೆ."

ಅಮ್ಮನ್ನ ನೋಡಿಕೊಳ್ಳೋಕೆ ಮನೇಲಿ ಒಬ್ಬಳು ಇರಬೇಕಿತ್ತು. ಅಕ್ಕನಿಗೆ ಆಗಷ್ಟೇ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು.

"ಸುಳ್ಳು. ನಿಂಗೆ... ಬರ್ತಿತ್ತು."

ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದೆ.

ಜುಲೈ 2

ಹೋಗಿಲ್ಲ. ಭಾವನ ಫೋನ್ ಮೂರು ಸಲ. ಕೈತುಂಬಾ ಕೆಲಸ ಅಂದೆ. ಕೆಲಸ ಏನೂ ಇಲ್ಲ.

ಜುಲೈ 5, ಬೆಳಿಗ್ಗೆ

ಅಮ್ಮ ಹೋದ ಮೇಲೆ ಬೈಂಡಿಂಗ್ ಅಂಗಡಿಗೆ ಸೇರಿದ ಮೊದಲ ದಿನ ನೆನಪಾಯ್ತು. ಬಾಗಿಲವರೆಗೂ ಅಕ್ಕ ಬಂದಿದ್ದಳು. ಒಳಗೆ ಹೋಗೋ ನಾನು ಸುಮ್ಮನಿದ್ದೆ, ಬಿಟ್ಟು ಹೋಗೋ ಅವಳು ಅತ್ತಿದ್ದಳು. ಯಾಕೆ ಅಂತ ಈಗ ಗೊತ್ತಾಗ್ತಿದೆ. ಆ ಕಿಟಕಿ ಕಟ್ಟೆಯೂ ನಿಜ, ಆ ಸುಳ್ಳೂ ನಿಜ. ಒಂದನ್ನ ಹರಿದು ಇನ್ನೊಂದನ್ನ ಇಟ್ಟುಕೊಳ್ಳೋಣ ಅಂದರೆ... ಆಗ್ತಿಲ್ಲ.

ಜುಲೈ 6

ಹೋದೆ. ಬಾಗಿಲ ಹತ್ತಿರವೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ದಿನಾ ಹೀಗೇ ಕೂರ್ತಾಳೆ ಅಂದರು ಭಾವ.

"ಪೂರ್ತಿ... ಕೋಪಾನಾ?"

"ಪೂರ್ತಿ ಅಲ್ಲ. ಆದ್ರೆ ಇದೆ."

ಅಷ್ಟು ಸಾಕು ಅನ್ನೋ ಹಾಗೆ ತಲೆದೂಗಿದಳು. ಫೈಲ್ ಬಿಚ್ಚಿದೆವು.

ಜುಲೈ 19

ಪಾಠದ ಕೊನೇ ವಾಕ್ಯ. 'ಆಲ್ ದಿ ಲೈಫ್' ಅಂತ ಬರೆದಿದ್ದೆ. ಅಕ್ಕ 'ದಿ' ಮೇಲೆ ಉಗುರಲ್ಲಿ ಗೀಚಿದಳು. ತುಟಿ ಅಲುಗಿಸಿ ಅಲುಗಿಸಿ, "ಮೈ" ಅಂದಳು. ಗಾಬರಿಯಾಯ್ತು, ಮೈಗೇನಾಯ್ತು, ನೋಯ್ತಿದೆಯಾ ಅಂತ ಕೇಳಿದೆ. ಹಾಳೆ ಕುಟ್ಟಿ ತೋರಿಸಿದಳು. ಆಲ್ ಮೈ ಲೈಫ್! ಸ್ಟ್ರೋಕ್ ಆದ ಮೇಲೆ ಬಂದ ಮೊದಲ ಇಂಗ್ಲಿಷ್ ಪದ. ಭಾವ ಪೇಪರ್ ಕೆಳಗಿಟ್ಟರು. ಮೂವರೂ ಉಸಿರು ಬಿಗಿಹಿಡಿದು ಕೂತೆವು, ಸದ್ದು ಮಾಡಿದರೆ ಪದ ಎದ್ದು ಹೋಗಿಬಿಡುತ್ತೇನೋ ಅನ್ನೋ ಹಾಗೆ. ಆಮೇಲೆ ನಗು.

ಆಗಸ್ಟ್ 2, ಸಂಜೆ

ಟೈಪ್ ಮಾಡಿಸಿದ ಪ್ರತಿ ಬಂತು. ಸೂಜಿ, ದಾರ, ರಟ್ಟು ಎಲ್ಲಾ ಇಲ್ಲಿಗೇ ತಂದಿದೀನಿ, ಅಕ್ಕನ ಊಟದ ಮೇಜಿಗೆ. ಮೊದಲ ಹಾಳೆ ಕೈಗೆ ಕೊಟ್ಟೆ. ಪೆನ್ನು ಬೇಕು ಅಂತ ಸನ್ನೆ ಮಾಡಿದಳು. ಏನೋ ತಪ್ಪು ಕಂಡಿರಬೇಕು ಅಂತ ಕೊಟ್ಟೆ. ತನ್ನ ಹೆಸರಿನ ಕೆಳಗೆ, ಎಡಗೈಯಲ್ಲಿ, ಸೊಟ್ಟಸೊಟ್ಟ ಶುರು ಮಾಡಿದಳು. ನನ್ನ ಹೆಸರು. ಬೇಡ ಅಕ್ಕ, ಒಂದು ಪಾಠಕ್ಕೆಲ್ಲಾ ಹೆಸರು ಯಾಕೆ ಅಂದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಅವಳ ಮುಖ ನೋಡೋಕಾಗದೆ ಎದುರಿಗೆ ಕೂತು ಇದನ್ನ ಗೀಚ್ತಾ ಇದೀನಿ. ಎರಡು ಅಕ್ಷರ ಆಯ್ತು. ಮೂರನೆಯದಕ್ಕೆ ಪೆನ್ನು ನಿಂತಿದೆ... ಇಲ್ಲ, ಮತ್ತೆ ಓಡ್ತಿದೆ —